ಅಂಗಳದ ಹುಲ್ಲು, ಹಿತ್ತಿಲ ಕೆಸು

ಮಾರತ್ತಹಳ್ಳಿಯ ಹಳೆಯ ಊರಿನ ಭಾಗದಲ್ಲಿ, ಹೊರವರ್ತುಲ ರಸ್ತೆಯ ಗದ್ದಲ ತುಸು ಮಂದವಾಗಿ ಕೇಳಿಸುವ ಒಂದು ಓಣಿಯ ಕೊನೆಗೆ, ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಿದೆ. ಪ್ರೌಢಶಾಲೆಯಲ್ಲಿ 33 ವರ್ಷ ಜೀವಶಾಸ್ತ್ರವನ್ನು ಬೋಧಿಸಿ ವಿಶ್ರಾಂತರಾದ ಅವರನ್ನು ಓಣಿಯವರೆಲ್ಲರೂ ಮೇಷ್ಟರು ಎಂದೇ ಕರೆಯುತ್ತಾರೆ. ಮನೆಯ ನಿವೇಶನ 30 ಅಡಿ ಅಗಲ, 50 ಅಡಿ ಉದ್ದದ್ದು. ಕಟ್ಟಡವು ನುಂಗಿ ಉಳಿಸಿದ ಮಣ್ಣೆಂದರೆ ಮುಂಭಾಗದಲ್ಲಿ 5 ಅಡಿಯ ಒಂದು ಪಟ್ಟಿ, ಹಿಂಭಾಗದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಸುತ್ತ 8 ಅಡಿಯ ಇನ್ನೊಂದು ಪಟ್ಟಿ. ಇಷ್ಟು ಮಣ್ಣಿನಲ್ಲಿ ಏನನ್ನು ಬೆಳೆಯಬೇಕೆಂಬ ಪ್ರಶ್ನೆ ಒಂದು ಕುಟುಂಬವನ್ನು ಮೂರು ವರ್ಷ ಕಾಡಿತೆಂದರೆ ಹೊರಗಿನವರಿಗೆ ನಗು ಬಂದೀತು. ಆದರೆ ಭೂಮಿ ಎಕರೆಗಳ ಲೆಕ್ಕದಲ್ಲಿದ್ದಾಗ ಏಳದ ಜಗಳಗಳು ಅದು ಅಡಿಗಳ ಲೆಕ್ಕಕ್ಕೆ ಇಳಿದಾಗ ಏಳುತ್ತವೆ.

ಮಾರತ್ತಹಳ್ಳಿ ಎಂದೊಡನೆ ಇಂದಿನವರ ಕಣ್ಣಮುಂದೆ ಬರುವುದು ಸೇತುವೆ, ಬಟ್ಟೆಯಂಗಡಿಗಳ ಸಾಲು, ಕಂಪ್ಯೂಟರ್ ಕಚೇರಿಗಳಿಗೆ ಧಾವಿಸುವ ವಾಹನಗಳ ಮೆರವಣಿಗೆ. ಪಕ್ಕದ ವಿಮಾನ ಕಾರ್ಖಾನೆ 1940ರಲ್ಲಿ ಸ್ಥಾಪಿತವಾದಾಗಲೂ, ಅನಂತರ ಬಹುಕಾಲವೂ, ಇದು ರಾಗಿ, ಅವರೆ, ತರಕಾರಿಗಳ ಹಳ್ಳಿಯಾಗಿಯೇ ಇತ್ತು. ಆ ಕಾರ್ಖಾನೆಯಲ್ಲಿ ತಯಾರಾದ ಮಾರುತ ಯುದ್ಧವಿಮಾನದಿಂದ ಊರಿಗೆ ಈ ಹೆಸರು ಬಂತೆಂದು ಹೇಳುವವರಿದ್ದಾರೆ. ಆ ವಿಮಾನ ಮೊದಲು ಆಕಾಶಕ್ಕೇರಿದ್ದು 1961ರಲ್ಲಿ, ಊರಾದರೋ ಅದಕ್ಕಿಂತ ಬಹಳ ಹಿಂದಿನದು. ಊರಿನ ದಕ್ಷಿಣಕ್ಕೆ ಬೆಳ್ಳಂದೂರು ಕೆರೆ. ಅದರ ಕೋಡಿಯ ನೀರು ವರ್ತೂರು ಕೆರೆಗೆ, ಅಲ್ಲಿಂದ ಮುಂದೆ ದಕ್ಷಿಣ ಪಿನಾಕಿನಿಗೆ. ಈ ಕೆರೆಸಾಲಿಗೆ ಬಂದು ಸೇರುವ ಹಳ್ಳಗಳ ತಗ್ಗಿನಲ್ಲಿ, ಕಾಲುವೆಗಳ ಬದುವಿನಲ್ಲಿ, ಕೆಸು ಯಾರೂ ನೆಡದಿದ್ದರೂ ಹುಟ್ಟಿ ಹಬ್ಬುತ್ತಿದ್ದ ಕಾಲವೊಂದಿತ್ತು. ನೆಟ್ಟು ಬೆಳೆಸಿದ ಕೆಸುವಿನ ಮಡಿಗಳೂ ಇದ್ದವು. ಈ ಸೀಮೆಯ ಜನ ಅದನ್ನು ಶಾಮೆಗೆಡ್ಡೆ ಎನ್ನುವುದೂ ಉಂಟು. ತೆಲುಗಿನ ಚಾಮಗಡ್ಡದ ನೆರಳು ಆ ಹೆಸರಿನ ಮೇಲೆ ಬಿದ್ದಿದೆ.

ಮೇಷ್ಟರ ತಾಯಿಗೆ ಅಂಥದೊಂದು ಮಡಿ ಇತ್ತು. ರಸ್ತೆ ಬಂತು, ಭೂಮಿ ಹೋಯಿತು, ಹಣ ಬಂತು, ಹಣವೂ ಹೋಯಿತು. ಬೆಂಗಳೂರಿನ ಸುತ್ತಣ ಹಳ್ಳಿಗಳ ಈ ಕಥೆ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಇಲ್ಲಿ ಬೆಳೆಸುವುದು ಅನಾವಶ್ಯಕ. ಹೊಸ ಮನೆಗೆ ಬರುವಾಗ ಆ ತಾಯಿ ಹೊಲದಿಂದ ತಂದದ್ದು ಒಗೆಯುವ ಕಲ್ಲು ಮತ್ತು ಒಂದು ಬುಟ್ಟಿ ಕೆಸುವಿನ ಗೆಡ್ಡೆ. ಕಲ್ಲನ್ನು ಹಿತ್ತಿಲಲ್ಲಿ ಹಾಕಿಸಿ, ಅದರಿಂದ ನೀರು ಹರಿದು ಹೋಗುವ ಜಾಗದಲ್ಲಿ ಗೆಡ್ಡೆಗಳನ್ನು ಊರಿದರು. ಮೇಷ್ಟರ ಪತ್ನಿ ಬಹಳ ಹಿಂದೆಯೇ ತೀರಿಕೊಂಡಿದ್ದರಿಂದ, 2012ರಲ್ಲಿ ಸೊಸೆ ಮನೆಗೆ ಬಂದಾಗ ಅಡಿಗೆಮನೆಯಲ್ಲಿ ಆಕೆಗೆ ಜೊತೆಯಾದವರು ಈ ಅಜ್ಜಿಯೇ. ಅವರು 2019ರಲ್ಲಿ ಕಾಲವಾದರು. ಕೆಸು ಮಾತ್ರ ಉಳಿಯಿತು. ಮೇಷ್ಟರು ಬೆಳಗಿನ ಕಾಫಿಯನ್ನು ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಕುಡಿಯುವ ಅಭ್ಯಾಸವನ್ನು ಆಗಿನಿಂದ ಮಾಡಿಕೊಂಡರು.

2021ರಲ್ಲಿ ಮನೆಯ ದುರಸ್ತಿಯಾಯಿತು. ಬಣ್ಣ ಬಳಿದ ಗೋಡೆಯ ಮುಂದಿನ ಪಟ್ಟಿ ಬರಿದಾಗಿ ಕಂಡುದರಿಂದ ಸೊಸೆ ಒಂದು ಭಾನುವಾರ ಸಸ್ಯಪಾಲನಾ ಕೇಂದ್ರಕ್ಕೆ ಹೋಗಿ ಕೆಂಪು ಬಣ್ಣದ ಗರಿಹುಲ್ಲಿನ 12 ಬುಡಗಳನ್ನು ತಂದಳು. ಮಾರುವವರು ಅದನ್ನು ಫೌಂಟನ್ ಗ್ರಾಸ್ ಎನ್ನುತ್ತಾರೆ. ಕಾರಂಜಿಹುಲ್ಲು ಎಂದು ಕನ್ನಡದಲ್ಲಿ ಕರೆದರೆ ತಪ್ಪಾಗಲಾರದು. ಬುಡದಿಂದ ನೂರಾರು ತೆಳು ಎಲೆಗಳು ಒಟ್ಟಾಗಿ ಮೇಲೆದ್ದು ಸುತ್ತಲೂ ಬಾಗುತ್ತವೆ. ಅವುಗಳ ನಡುವಿನಿಂದ ಅಳಿಲಿನ ಬಾಲದಂಥ ಮೃದುವಾದ ತೆನೆಗಳು ಹೊಮ್ಮಿ ಗಾಳಿಗೆ ತೂಗುತ್ತವೆ. ಸಂಜೆಯ ಓರೆಬಿಸಿಲು ಆ ತೆನೆಗಳ ಮೂಲಕ ಹಾಯ್ದು ಬರುವ ನೋಟ ನಿಜವಾಗಿಯೂ ಚೆಲುವಾದದ್ದು. ಈ ಮಾತನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಏಕೆಂದರೆ ಕೆಸುವಿನ ಪಕ್ಷ ವಹಿಸುವವರು ಸಾಮಾನ್ಯವಾಗಿ ಹುಲ್ಲಿನ ಚೆಲುವನ್ನು ಕಾಣದವರಂತೆ ವಾದಿಸುತ್ತಾರೆ.

ಮೇಷ್ಟರೂ ಹಾಗೆಯೇ ವಾದಿಸಿದರು. ತಿನ್ನಲಾಗದ, ದನಕ್ಕೂ ಹಾಕಲಾಗದ ಹುಲ್ಲಿಗೆ ಹಣ ತೆತ್ತವರು ತಮ್ಮ ವಂಶದಲ್ಲಿ ಇದೇ ಮೊದಲು ಎಂದರು. ಸೊಸೆ ಎದುರುತ್ತರ ಕೊಡುವ ಸ್ವಭಾವದವಳಲ್ಲ. ಕಚೇರಿಯ ಕೆಲಸವನ್ನೂ ಮನೆಯ ಲೆಕ್ಕಪತ್ರವನ್ನೂ ತೂಗಿಸುವ ಆಕೆಗೆ ಕೊಳವೆಬಾವಿಯ ಆಳವೂ ಟ್ಯಾಂಕರಿನ ದರವೂ ಬಾಯಿಪಾಠ. “ಇದಕ್ಕೆ ವಾರಕ್ಕೆ ಒಂದು ಸಲ ನೀರು ಸಾಕು, ಮಾವ. ಕೆಸುವಿಗೆ ದಿನವೂ ಬೇಕು” ಎಂದಷ್ಟೇ ಹೇಳಿ ಒಳಗೆ ಹೋದಳು.

ಆಕೆಯ ಮಾತಿನಲ್ಲಿ ಶಾಸ್ತ್ರವಿತ್ತು, ಆ ಶಾಸ್ತ್ರವನ್ನು ಮೇಷ್ಟರೇ ಅನೇಕ ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದರು. ಕಾರಂಜಿಹುಲ್ಲು ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣಭೂಮಿಯ ಸಂತಾನ. ಎಲೆ ಕಿರಿದು, ಬೇರು ದಟ್ಟ. ಬಿಸಿನಾಡಿನ ಅನೇಕ ಹುಲ್ಲುಗಳಂತೆ ಇದಕ್ಕೂ ಇಂಗಾಲಾಮ್ಲವನ್ನು ಹಿಡಿದಿಡುವ ವಿಶೇಷವಾದ ಏರ್ಪಾಡು ಒಂದಿದೆ. ಅದರಿಂದಾಗಿ ಪತ್ರರಂಧ್ರಗಳನ್ನು ಹೆಚ್ಚು ಹೊತ್ತು ಅಗಲವಾಗಿ ತೆರೆದಿಡದೆಯೇ ಆಹಾರವನ್ನು ತಯಾರಿಸಿಕೊಳ್ಳಬಲ್ಲದು. ಕೆಸು ಇದಕ್ಕೆ ತೀರ ವಿರುದ್ಧ. ಆನೆಯ ಕಿವಿಯಂಥ ಎಲೆ, ರಸಭರಿತವಾದ ದಂಟು, ಮೇಲುಮೇಲೆ ಹರಡುವ ಬೇರು. ಕುಡಿದ ನೀರಿನ ಬಹುಭಾಗವನ್ನು ಆವಿಯಾಗಿ ಬಿಡುವ ಧಾರಾಳಿ. ಮಳೆಹನಿ ಮಾತ್ರ ಅದರ ಎಲೆಯನ್ನು ನೆನೆಸದು. ಮೇಣ ಲೇಪಿಸಿದ ಸೂಕ್ಷ್ಮವಾದ ಉಬ್ಬುಗಳ ಮೇಲೆ ನೀರು ಮುತ್ತಾಗಿ ಉರುಳುತ್ತದೆ. ಒಳಗೆ ಇಷ್ಟು ದಾಹವಿದ್ದೂ ಹೊರಗೆ ಇಷ್ಟು ನಿರ್ಲಿಪ್ತವಾದ ಗಿಡ ಇನ್ನೊಂದಿಲ್ಲವೆಂದು ಮೇಷ್ಟರು ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸುತ್ತಿದ್ದುದುಂಟು.

ಹುಲ್ಲು ತಿನ್ನಲಾಗದ್ದು ಎಂಬ ಆಕ್ಷೇಪಣೆಯೂ ಪರಿಶೀಲನೆಗೆ ನಿಲ್ಲಲಿಲ್ಲ. ಕಾರಂಜಿಹುಲ್ಲು ಸಜ್ಜೆಗೆ ತೀರ ಹತ್ತಿರದ ನಂಟ. ಸಸ್ಯಶಾಸ್ತ್ರಜ್ಞರು ಎರಡನ್ನೂ ಒಂದೇ ಕುಲದಲ್ಲಿಟ್ಟಿದ್ದಾರೆ. ದನಗಳಿಗಾಗಿ ಬೆಳೆಯುವ ನೇಪಿಯರ್ ಹುಲ್ಲೂ ಅದೇ ಕುಲದ್ದು. ಉತ್ತರ ಕರ್ನಾಟಕದಲ್ಲಿ ರೊಟ್ಟಿಯಾಗಿ ತಟ್ಟೆಗೆ ಬರುವ ಸಜ್ಜೆಯ ತೆನೆಯನ್ನೂ ಅಂಗಳದ ಈ ಕೆಂಪು ತೆನೆಯನ್ನೂ ಪಕ್ಕಪಕ್ಕದಲ್ಲಿ ಹಿಡಿದರೆ ಅಣ್ಣತಮ್ಮಂದಿರ ಮುಖಲಕ್ಷಣ ಮರೆಯಾಗದು. ರಾಗಿ, ಭತ್ತ, ಜೋಳ, ಕಬ್ಬು ಎಲ್ಲವೂ ಹುಲ್ಲುಗಳೇ. ಮನುಷ್ಯನು ಒಂದಷ್ಟು ಹುಲ್ಲುಗಳ ಕಾಳನ್ನು ಸಾವಿರಾರು ವರ್ಷ ಆರಿಸಿ ಆರಿಸಿ ದಪ್ಪಗೊಳಿಸಿದ. ಇನ್ನು ಕೆಲವನ್ನು ಅವು ಇದ್ದಂತೆಯೇ ಬಿಟ್ಟ. ಅಲಂಕಾರಕ್ಕೆಂದು ನೆಟ್ಟ ಹುಲ್ಲು ಹೀಗೆ ಬಿಟ್ಟುಹೋದವುಗಳ ಪೈಕಿ ಒಂದು.

ಇತ್ತ ಕೆಸುವೂ ಬರಿಯ ತಿನ್ನುವ ಗಿಡವಲ್ಲ. ಅದನ್ನು ಊಟಕ್ಕೆ ಬಳಸದ ದೇಶಗಳಲ್ಲಿ ಜನ ಅದರ ಎಲೆಯ ಸೊಬಗಿಗಾಗಿಯೇ ನೆಡುತ್ತಾರೆ. ಇದ್ದಲಿನಷ್ಟು ಕಪ್ಪಾದ ಎಲೆಯ ಕೆಸುವಿನ ತಳಿಗಳೂ ಇವೆ. ಕುಂಡದಲ್ಲಿಟ್ಟ ಅಂಥ ಒಂದು ಕೆಸುವಿಗೆ ಕೊಡುವ ಬೆಲೆಯಲ್ಲಿ ಸಂತೆಯಲ್ಲಿ ಹಲವು ಕಿಲೋ ಗೆಡ್ಡೆ ಬಂದೀತು. ಹೂಬಿಟ್ಟ ಗಿಡವನ್ನು ಮಾತ್ರ ಅಲಂಕಾರವೆಂದು ಬಗೆಯುವ ಕಣ್ಣು ಹಿತ್ತಿಲ ಕೆಸುವಿನ ಮುಂದೆ ಸುಮ್ಮನೆ ಹಾದುಹೋಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ, ಚೆಂದವೂ ಅಲ್ಲ ಎಂದು ಸೇರಿಸಬೇಕೇನೋ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಅಂಶವಿದೆ. ಕೆಸುವಿನ ಬಂಧುಗಳು ಅನೇಕ. ಅವುಗಳಲ್ಲಿ ಬಹಳಷ್ಟು ತಿನ್ನತಕ್ಕವಲ್ಲ. ಪಡಸಾಲೆಯ ಕುಂಡಗಳಲ್ಲಿ ಕಾಣುವ ಡೈಫೆನ್‌ಬೇಕಿಯಾ, ಬಣ್ಣದೆಲೆಯ ಕೆಲಾಡಿಯಮ್ ಇವೆಲ್ಲ ಅದೇ ಮನೆತನದವು. ಈ ಗಿಡಗಳ ಅಂಗಾಂಶದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕಂತೆಕಂತೆಯಾಗಿ ತುಂಬಿರುತ್ತವೆ. ಅಗಿದರೆ ನಾಲಗೆ, ಗಂಟಲು ಊದಿಕೊಳ್ಳುತ್ತವೆ. ಊಟದ ಕೆಸುವಿನಲ್ಲಿಯೂ ಈ ಸೂಜಿಗಳು ಇಲ್ಲದೆ ಇಲ್ಲ. ಹಸಿಯ ಗೆಡ್ಡೆ ಹೆಚ್ಚಿದ ಕೈ ತುರಿಸುವುದು ಅದರಿಂದಲೇ. ಚೆನ್ನಾಗಿ ಬೇಯಿಸಿ, ಹುಣಿಸೆಹುಳಿ ಹಾಕಿ, ನೀರನ್ನು ಚೆಲ್ಲುವ ಕ್ರಮ ಯಾವ ಪ್ರಯೋಗಾಲಯದಿಂದಲೂ ಬಂದದ್ದಲ್ಲ. ಅದು ಅಡಿಗೆಮನೆಯ ಪರಂಪರೆ. ಕರಾವಳಿ ಮತ್ತು ಮಲೆನಾಡಿನವರು ಆಷಾಢದ ಮಳೆಯಲ್ಲಿ ಎಲೆಗೆ ಹುಳಿ ಬೆರೆಸಿದ ಅಕ್ಕಿಹಿಟ್ಟು ಸವರಿ, ಸುತ್ತಿ, ಆವಿಯಲ್ಲಿ ಬೇಯಿಸಿ ಪತ್ರೊಡೆ ಮಾಡುವಾಗ ಪಾಲಿಸುವುದೂ ಇದೇ ಸೂತ್ರವನ್ನು. ಹುಲ್ಲನ್ನು ನೋಡಲು ಕಣ್ಣಿದ್ದರೆ ಸಾಕು. ಕೆಸುವನ್ನು ತಿನ್ನಲು ಯಾರಾದರೂ ಹೇಳಿಕೊಟ್ಟಿರಬೇಕು.

ಅಂಗಳದಲ್ಲಿ ಹುಲ್ಲು ಬೇರೂರಿದ ಮೇಲೂ ಮೇಷ್ಟರು ಸುಮ್ಮನಾಗಲಿಲ್ಲ. ಸಂಜೆ ಹೊತ್ತು ಓದಿ ಟಿಪ್ಪಣಿ ಮಾಡಿಕೊಂಡು ರಾತ್ರಿಯ ಊಟದಲ್ಲಿ ಮಂಡಿಸುವ ಪದ್ಧತಿ ಆರಂಭವಾಯಿತು. ಹಾಗೆ ಓದುವಾಗ ಅವರಿಗೆ ದೊರೆತ ದೊಡ್ಡ ಅಸ್ತ್ರ ಹವಾಯಿ ದ್ವೀಪಗಳದು. ಶಾಂತಸಾಗರದ ನಡುವಣ ಆ ದ್ವೀಪಗಳಲ್ಲಿ ಈ ಎರಡು ಸಸ್ಯಗಳೂ ಇವೆ. ಅಲ್ಲಿನ ಮೂಲನಿವಾಸಿಗಳಿಗೆ ಕೆಸುವೇ ಅನ್ನ. ಬೇಯಿಸಿ ಅರೆದು ಪೋಯಿ ಎಂಬ ಅಂಬಲಿಯಂಥ ಆಹಾರವನ್ನು ಮಾಡಿಕೊಳ್ಳುತ್ತಾರೆ. ಅವರ ಪುರಾಣದಂತೆ ಆದಿದಂಪತಿಗಳಿಗೆ ಮೊದಲು ಹುಟ್ಟಿದ ಮಗು ಜೀವವಿಲ್ಲದ್ದು. ಅದನ್ನು ಹುಗಿದ ಜಾಗದಲ್ಲಿ ಮೊಳೆತದ್ದೇ ಕೆಸು. ಎರಡನೆಯದಾಗಿ ಹುಟ್ಟಿದವನು ಮನುಷ್ಯ. ಆದ್ದರಿಂದ ಕೆಸು ಮನುಷ್ಯನಿಗೆ ಅಣ್ಣನಾಗಬೇಕು. ಅದೇ ದ್ವೀಪಗಳಿಗೆ 20ನೆಯ ಶತಮಾನದ ಮೊದಲ ಭಾಗದಲ್ಲಿ ಅಲಂಕಾರಕ್ಕೆಂದು ತರಲಾದ ಕಾರಂಜಿಹುಲ್ಲು ಬೇಲಿ ದಾಟಿ, ಒಣ ಲಾವಾ ಬಯಲುಗಳನ್ನು ಆವರಿಸಿ, ಬೇಸಗೆಯ ಬೆಂಕಿಗೆ ಇಂಧನವಾಯಿತು. ಬೆಂಕಿ ಬಿದ್ದರೆ ಅಲ್ಲಿನ ಮೂಲಮರಗಳು ಸಾಯುತ್ತವೆ; ಹುಲ್ಲು ಮತ್ತೆ ಚಿಗುರುತ್ತದೆ. ಯುರೋಪಿನ ಒಕ್ಕೂಟವೂ 2017ರಲ್ಲಿ ಈ ಹುಲ್ಲನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು.

ಇದನ್ನು ಕೇಳಿ ಮನೆಯವರೆಲ್ಲ ಮೌನವಾದರು. ಬೆಳ್ಳಂದೂರು ಕೆರೆಯೊಳಗೇ 2017ರ ಫೆಬ್ರವರಿಯಲ್ಲಿ ಹುಲ್ಲುಕಳೆಗೆ ಬೆಂಕಿ ಬಿದ್ದು ಹೊಗೆ ಎದ್ದುದನ್ನು ನೋಡಿದ ಜನರಿಗೆ ಹುಲ್ಲಿನ ಬೆಂಕಿ ದೂರದ ಸಂಗತಿಯೆನಿಸಲಿಲ್ಲ. ಆದರೆ ಸೊಸೆಯೂ ಓದಬಲ್ಲವಳು. ಎರಡು ದಿನ ಬಿಟ್ಟು ಆಕೆ, ಊರೂರು ಹಬ್ಬುವುದು ಹಸಿರೆಲೆಯ ಜಾತಿ, ತಾನು ತಂದ ಕೆಂಪೆಲೆಯ ತಳಿಯಲ್ಲಿ ಮೊಳೆಯಬಲ್ಲ ಬೀಜ ಕಟ್ಟುವುದೇ ಅಪರೂಪ, ಅದನ್ನು ಬುಡ ಒಡೆದೇ ಹೆಚ್ಚಿಸಬೇಕು ಎಂದು ತಿಳಿಸಿದಳು. ಮಾತು ಸತ್ಯವಾಗಿತ್ತು. ಮೇಷ್ಟರು ಮಜ್ಜಿಗೆಗೆ ಉಪ್ಪು ಸಾಲದೆಂದರು.

2022ರ ಸೆಪ್ಟೆಂಬರ್ 4ರ ರಾತ್ರಿಯಿಂದ ಬೆಳಗಿನವರೆಗೆ ಬೆಂಗಳೂರಿನಲ್ಲಿ 130 ಮಿಲಿಮೀಟರಿಗೂ ಮೀರಿ ಮಳೆ ಸುರಿಯಿತು. ನಗರದ ಪೂರ್ವಭಾಗ ಕೆರೆಯಂತಾಯಿತು. ಯಮಲೂರಿನ ಬೀದಿಗಳಲ್ಲಿ ದೋಣಿಗಳೂ ಟ್ರ್ಯಾಕ್ಟರುಗಳೂ ಜನರನ್ನು ಸಾಗಿಸಿದುದನ್ನು ದೇಶವೆಲ್ಲ ನೋಡಿತು. ಮೇಷ್ಟರ ಓಣಿಗೂ ರಾಜಕಾಲುವೆಯ ನೀರು ನುಗ್ಗಿ ಎರಡು ದಿನ ನಿಂತಿತು. ಇಳಿದ ಮೇಲೆ ನೋಡಿದರೆ ಅಂಗಳದ ಹುಲ್ಲಿನ ಬುಡಗಳು ಕೊಳೆಯತೊಡಗಿದ್ದವು. ಒಣನೆಲದ ಗಿಡಕ್ಕೆ ಬೇರಿನ ಬಳಿ ನೀರು ನಿಲ್ಲುವುದೆಂದರೆ ಉಸಿರುಕಟ್ಟಿದ ಹಾಗೆ. 12ರಲ್ಲಿ 9 ಬುಡಗಳು ಸತ್ತವು. ಹಿತ್ತಿಲಲ್ಲಿ ಕೆಸು ಅದೇ ಕೆಸರಿನಲ್ಲಿ ನಿಂತು ವಾರದೊಳಗೆ ಹೊಸ ಎಲೆಗಳನ್ನು ಬಿಚ್ಚಿತು. ಇಷ್ಟಕ್ಕೂ ಅದು ಜೌಗುನೆಲದ ಸಸ್ಯ. ಪಪುವಾ ನ್ಯೂಗಿನಿಯ ಕುಕ್ ಎಂಬ ಜೌಗಿನಲ್ಲಿ ಸಹಸ್ರಾರು ವರ್ಷಗಳ ಹಿಂದಿನ ಬೇಸಾಯದ ಕಾಲುವೆಗಳು ದೊರೆತಿವೆ. 2008ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ತಾಣದಲ್ಲಿ ಆದಿಕಾಲದ ಜನ ಬಳಸಿದ ಸಸ್ಯಗಳಲ್ಲಿ ಕೆಸುವೂ ಒಂದು. ಮೇಷ್ಟರು ಈ ವಿಷಯವನ್ನು ಊಟದ ಹೊತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದರು. ಗೆದ್ದವರು ಒಂದು ಬಾರಿಗೆ ನಿಲ್ಲಿಸುವುದು ಅಪರೂಪ.

ಡಿಸೆಂಬರಿನಲ್ಲಿ ಎಲೆಗಳು ಹಳದಿಯಾದಾಗ ಅವರು ತಾವೇ ಅಗೆದು 4 ಕಿಲೋ ಗೆಡ್ಡೆ ತೆಗೆದು, ತೊಳೆದು, ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟರು. ಸೊಸೆ ಅದನ್ನು ಮುಟ್ಟಲಿಲ್ಲ. ಹಿತ್ತಿಲಲ್ಲಿ ನಿಂತದ್ದು ಮಳೆಯ ನೀರಲ್ಲ, ಚರಂಡಿಯ ನೀರು. ಆ ಮಣ್ಣಿನಿಂದ ಬಂದದ್ದನ್ನು ಮಗುವಿಗೆ ಬಡಿಸಲಾರೆ ಎಂದಳು. ಇದು ಮೊದಲ ಬಾರಿಗೆ ಆಕೆ ನೇರವಾಗಿ ನಿರಾಕರಿಸಿದ್ದು. ಮೇಷ್ಟರಿಗೆ ಕೋಪ ಬಂತು. ತಾಯಿ ಕೈಯಾರೆ ನೆಟ್ಟ ಬುಡವನ್ನು ಅಶುದ್ಧವೆಂದಂತಾಯಿತೆಂದು ಅವರಿಗೆ ಅನ್ನಿಸಿತು. ತಾವೇ ಎರಡು ಗೆಡ್ಡೆ ಬೇಯಿಸಿ, ಉಪ್ಪು ಹಚ್ಚಿ, ಎಲ್ಲರೆದುರು ತಿಂದರು. ಏನೂ ಆಗಲಿಲ್ಲ. ಏನೂ ಆಗದಿದ್ದುದರಿಂದ ಏನೂ ಸಿದ್ಧವಾಗಲಿಲ್ಲವೆಂಬುದು ವಿಜ್ಞಾನದ ಉಪಾಧ್ಯಾಯರಿಗೆ ತಿಳಿಯದ ವಿಷಯವಲ್ಲ. ಬೆಳ್ಳಂದೂರು ಕೆರೆಯ ನೀರಿನಿಂದ ಮಣ್ಣಿಗೂ ಅಲ್ಲಿ ಬೆಳೆದ ತರಕಾರಿಗಳಿಗೂ ಸೇರಿದ ಭಾರಲೋಹಗಳನ್ನು ಕುರಿತ ಅಧ್ಯಯನವೊಂದು 2006ರಲ್ಲಿಯೇ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅದನ್ನು ಓದಿ, ಕತ್ತರಿಸಿ, ಕಡತದಲ್ಲಿ ಇಟ್ಟವರೂ ಅವರೇ. ಸೀಸ, ಕ್ಯಾಡ್ಮಿಯಂಗಳು ಒಂದು ಊಟಕ್ಕೆ ಹೊಟ್ಟೆನೋವು ತರುವುದಿಲ್ಲ. ದೇಹದಲ್ಲಿ ವರ್ಷಗಟ್ಟಲೆ ಕೂಡುತ್ತವೆ.

ಖಾದ್ಯ ಸಸ್ಯಗಳನ್ನು ಹೊಗಳುವ ಲೇಖನಗಳಲ್ಲಿ ಈ ವಿಷಯ ಕಾಣಸಿಗುವುದು ಕಡಿಮೆ. ಮಣ್ಣು ಕೆಟ್ಟಿದ್ದರೆ ಹುಲ್ಲಿಗೆ ಆಗುವ ನಷ್ಟ ಹುಲ್ಲಿನದೇ. ಕೆಸುವಿನ ನಷ್ಟ ತಿನ್ನುವವನದು. ರಸ್ತೆಯಂಚಿಗೆ, ಚರಂಡಿಯ ಬದಿಗೆ, ಹಿಂದೆ ಏನು ಸುರಿದಿದ್ದರೋ ತಿಳಿಯದ ನಿವೇಶನಕ್ಕೆ ಹುಲ್ಲೇ ತಕ್ಕದ್ದೆನ್ನಬೇಕಾಗುತ್ತದೆ.

ಎರಡು ವಾರದ ಮೌನದ ನಂತರ ಮೇಷ್ಟರು ಹಿತ್ತಿಲ ಮಣ್ಣನ್ನು ಒಂದು ಅಡಿ ಆಳಕ್ಕೆ ತೆಗೆಸಿ, ಹೊಸ ಕೆಮ್ಮಣ್ಣನ್ನೂ ಗೊಬ್ಬರವನ್ನೂ ತುಂಬಿಸಿದರು. ಉಳಿದ ಗೆಡ್ಡೆಗಳಿಂದ ಮಗ್ಗುಲು ಮರಿಗಳನ್ನು ಆರಿಸಿ ನೆಟ್ಟರು. ಸೊಸೆಯೂ ಅಂಗಳದ ಪಟ್ಟಿಯನ್ನು ಒಂದು ಗೇಣು ಎತ್ತರಿಸಿ, ಮರಳು ಬೆರೆಸಿ, ಬದುಕುಳಿದ ಮೂರು ಬುಡಗಳನ್ನು ಒಡೆದು ಹುಲ್ಲನ್ನು ಮತ್ತೆ ನೆಟ್ಟಳು. ಇಬ್ಬರೂ ಕಲಿತಿದ್ದರೆಂದು ಕಾಣುತ್ತದೆ, ಆದರೆ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಮುಂದಿನ ವರ್ಷ ಮಳೆಯೇ ಕೈಕೊಟ್ಟಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಕೆಸು ಮೊಣಕಾಲೆತ್ತರಕ್ಕೂ ಏಳಲಿಲ್ಲ. ಡಿಸೆಂಬರಿನಲ್ಲಿ ಕೆದಕಿ ನೋಡಿದರೆ ಗೆಡ್ಡೆಗಳು ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡವು. ಇನ್ನಷ್ಟು ದಿನ ಬಿಟ್ಟರೆ ಬಲಿತಾವೆಂದು ಮೇಷ್ಟರು ಅಗೆಯದೆ ಬಿಟ್ಟರು. ಅಂಗಳದ ಹುಲ್ಲು ಆ ವರ್ಷ ಹಿಂದೆಂದೂ ಇಲ್ಲದಷ್ಟು ತೆನೆ ತೂಗಿತು. ದಾರಿಹೋಕರು ನಿಂತು ಅದರ ಮುಂದೆ ಚಿತ್ರ ತೆಗೆದುಕೊಂಡು ಹೋಗುತ್ತಿದ್ದರು. ಕೆಸುವಿನ ಮುಂದೆ ನಿಂತು ಯಾರೂ ಚಿತ್ರ ತೆಗೆಸಿಕೊಂಡದ್ದಿಲ್ಲ.

2024ರ ಫೆಬ್ರವರಿಯ ಹೊತ್ತಿಗೆ ಓಣಿಯ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು. ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕಾಗಲಿ ವಾಹನ ತೊಳೆಯುವುದಕ್ಕಾಗಲಿ ಬಳಸಬಾರದೆಂದು ನಿಷೇಧಿಸಿ, ಮೀರಿದವರಿಗೆ 5000 ರೂಪಾಯಿ ದಂಡ ವಿಧಿಸುವುದಾಗಿ ಆಜ್ಞೆ ಹೊರಡಿಸಿತು. ಮನೆಗೆ ಟ್ಯಾಂಕರ್ ವಾರಕ್ಕೊಮ್ಮೆ ಬಂದರೆ ಪುಣ್ಯ. ಸೊಸೆ ನೆಲತೊಟ್ಟಿಗೆ ಒಂದು ಗುರುತಿನ ಕೋಲು ಇಳಿಬಿಟ್ಟು, ದಿನಕ್ಕೆ ಇಷ್ಟು ಬೆರಳು ನೀರೆಂದು ಗೊತ್ತುಮಾಡಿದಳು. ಸ್ನಾನ ಅರ್ಧ ಬಕೆಟ್ಟಿಗೆ ಇಳಿಯಿತು. ಹುಲ್ಲಿಗೆ ನೀರು ಪೂರ್ತಿ ನಿಂತಿತು. ಅದು ಹಳದಿಗೆ ತಿರುಗಿ, ಆಕೆ ಅದನ್ನು ಒಂದು ಗೇಣಿಗೆ ಕತ್ತರಿಸಿದಳು. ವರ್ಷಕ್ಕೊಮ್ಮೆ ಹಾಗೆ ಕತ್ತರಿಸುವುದು ಹೇಗಿದ್ದರೂ ಒಳ್ಳೆಯದೇ.

ಆದರೆ ನೆಲತೊಟ್ಟಿಯಲ್ಲಿ ದಿನವೂ ಬೆಳಗ್ಗೆ ಗುರುತಿಗಿಂತ ಅರ್ಧ ಬೆರಳು ನೀರು ಕಡಿಮೆಯಿರುತ್ತಿತ್ತು. ಸೋರಿಕೆಯಿರಬೇಕೆಂದು ಆಕೆಯ ಗಂಡ ಕೊಳಾಯಿಯವನನ್ನು ಕರೆಸುವ ಮಾತಾಡಿದ. ಒಂದು ಬೆಳಗ್ಗೆ, ಬಿಸಿಲೇರುವ ಮುನ್ನ, ಸೊಸೆ ಹಿತ್ತಿಲಿಗೆ ಹೋಗಿ ಕೆಸುವಿನ ಬುಡದ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮಣ್ಣು ತೇವವಾಗಿತ್ತು. ಮೆಟ್ಟಿಲ ಮೇಲೆ ಕಾಫಿಯ ಲೋಟ ಹಿಡಿದು ಕುಳಿತಿದ್ದ ಮೇಷ್ಟರು ತಲೆ ಎತ್ತಲಿಲ್ಲ. 33 ವರ್ಷ ಮಕ್ಕಳಿಗೆ ಪ್ರಾಮಾಣಿಕತೆಯನ್ನು ಬೋಧಿಸಿದ ವ್ಯಕ್ತಿ, ಮೊಮ್ಮಗನ ಸ್ನಾನದ ನೀರನ್ನು ರಾತ್ರಿ ಎದ್ದು ಕದ್ದು ಗಿಡಕ್ಕೆ ಹಾಕಿದ್ದರು. ಅವರು ಸಮರ್ಥನೆ ನೀಡಲಿಲ್ಲ. ಇದು ಹೋದರೆ ಅಮ್ಮನದು ಅಂತ ಏನೂ ಉಳಿಯುವುದಿಲ್ಲ ಎಂದು ಮಾತ್ರ ಹೇಳಿದರು.

ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ಆಕೆ ಕೇಳಿದ್ದು, “ಇನ್ನೂ ಯಾಕೆ ನೆಲದಲ್ಲಿ ಬಿಟ್ಟಿದ್ದೀರಿ? ಅಜ್ಜಿ ಸಂಕ್ರಾಂತಿ ಆದ ಮೇಲೆ ಒಂದು ಗೆಡ್ಡೆಯನ್ನೂ ನೆಲದಲ್ಲಿ ಬಿಡುತ್ತಿರಲಿಲ್ಲವಲ್ಲ?”

ಮೇಷ್ಟರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದುದು ಮಳೆಗಾಲದಲ್ಲಿ ಹಿತ್ತಿಲು ಹಸಿರಾಗಿರುತ್ತಿತ್ತೆಂಬುದು, ತಟ್ಟೆಗೆ ಹುಳಿ ಬರುತ್ತಿತ್ತೆಂಬುದು. ನಡುವಿನ ಕೆಲಸವನ್ನು ಅವರು ಎಂದೂ ನೋಡಿದವರಲ್ಲ, ಶಾಲೆಗೆ ಹೊತ್ತಾಗುತ್ತಿತ್ತು. ಸೊಸೆ ಬಂದ ಮೊದಲ ವರ್ಷವೇ ಅಜ್ಜಿ ಆಕೆಯನ್ನು ಕೂರಿಸಿಕೊಂಡು ತೋರಿಸಿಕೊಟ್ಟಿದ್ದರು. ಎಲೆ ಒಣಗಿದ ಮೇಲೆ ಅಗೆಯಬೇಕು. ತಾಯಿಗೆಡ್ಡೆಯನ್ನು ಅಡಿಗೆಗೆ ಎತ್ತಿ, ಪೆಟ್ಟಾಗದ ಮರಿಗೆಡ್ಡೆಗಳನ್ನು ನೆರಳಿನಲ್ಲಿ ಆರಿಸಬೇಕು. ಬುಟ್ಟಿಯ ತಳಕ್ಕೆ ಒಣಮರಳು, ಮೇಲೆ ಗೆಡ್ಡೆ, ಬೂದಿ, ಮತ್ತೆ ಮರಳು. ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಇಡಬೇಕು. ಬೇಸಗೆಯೆಲ್ಲ ಗೆಡ್ಡೆ ಒಂದು ಹನಿ ನೀರನ್ನೂ ಬೇಡದೆ ನಿದ್ರಿಸುತ್ತದೆ. ಮುಂಗಾರಿನ ಮೊದಲ ಮಳೆಗೆ ಒಂದೂವರೆ ಗೇಣಿಗೊಂದರಂತೆ ಊರಿದರೆ ಆರೇಳು ತಿಂಗಳಿಗೆ ಬೆಳೆ. 2019ರ ನಂತರ ಅಗೆಯುವ ಕೆಲಸ ಮಾವನದೆಂದು ಆಕೆ ತಿಳಿದಿದ್ದಳು. ಕೆಸು ನಿತ್ಯಹಸಿರೆಂದು ಮಾವ ತಿಳಿದಿದ್ದರು. ಕೆಸುವಿಗೆ ವರ್ಷವಿಡೀ ನೀರು ಬೇಕೆಂಬ ವಾದವನ್ನು ಇಬ್ಬರೂ ಮೂರು ವರ್ಷ ಒಪ್ಪಿಕೊಂಡೇ ಜಗಳವಾಡಿದ್ದರು. ಲ್ಯಾಟಿನ್ ಹೆಸರು ಒಬ್ಬರಲ್ಲಿತ್ತು, ಬುಟ್ಟಿಯ ಲೆಕ್ಕ ಇನ್ನೊಬ್ಬರಲ್ಲಿ.

ಆ ದಿನವೇ ಅಗೆದರು. ಕೆಲವು ಗೆಡ್ಡೆಗಳು ಚಿಗುರಿ ಸೊರಗಿದ್ದವು, ಕೆಲವು ಕೊಳೆತಿದ್ದವು. ಕೂಡಿಡಲು ತಕ್ಕವು ಸಿಕ್ಕಿದ್ದು 19. ಬೂದಿಯನ್ನು ಓಣಿಯ ಇಸ್ತ್ರಿಯವನ ಬಳಿಯಿಂದ ತಂದದ್ದಾಯಿತು. ಅನಿಲದ ಒಲೆಯ ಮನೆಗಳಲ್ಲಿ ಬೂದಿ ಎಲ್ಲಿಂದ ಬರಬೇಕು?

ಮಳೆ ಮೇ ತಿಂಗಳಲ್ಲಿ ಬಂತು. ಜೂನ್ 2ರಂದು ನಗರದಲ್ಲಿ ಒಂದೇ ದಿನಕ್ಕೆ 111 ಮಿಲಿಮೀಟರ್ ಸುರಿದು ಜೂನ್ ತಿಂಗಳ ಹಳೆಯ ದಾಖಲೆಗಳನ್ನೆಲ್ಲ ಅಳಿಸಿತು. ಆ ವಾರವೇ 19 ಗೆಡ್ಡೆಗಳೂ ಮಣ್ಣು ಸೇರಿದವು. ಆಗಸ್ಟಿನ ಮೋಡದ ದಿನಗಳಲ್ಲಿ ಎಲೆಗಳ ಮೇಲೆ ಸುತ್ತುಸುತ್ತಾದ ಕಂದು ಮಚ್ಚೆಗಳು ಕಂಡವು. ಪೆಸಿಫಿಕ್ಕಿನ ಸಮೋವಾದಲ್ಲಿ 1993ರಲ್ಲಿ ದೇಶದ ಕೆಸುವನ್ನೆಲ್ಲ ನೆಲಕಚ್ಚಿಸಿದ ಅಂಗಮಾರಿ ರೋಗ ಇದೇ ಎಂದು ಮೇಷ್ಟರು ಗಾಬರಿಗೊಂಡರು. ಸೊಸೆ ಮಚ್ಚೆಯ ಎಲೆಗಳನ್ನು ಕತ್ತರಿಸಿ ತೆಗೆದು, ಗಿಡಗಳ ನಡುವೆ ಗಾಳಿಯಾಡುವಂತೆ ಮಾಡಿದಳು. ಬಿಸಿಲು ಬಂದ ಮೇಲೆ ರೋಗ ತಾನಾಗಿ ತಗ್ಗಿತು. ಹಿತ್ತಿಲ ಪಶ್ಚಿಮದ ಮೂಲೆಯಲ್ಲಿ, ಗೋಡೆಯ ಕಾವಿಗೆ ಕೆಸು ಒಂದು ಬಾರಿಯೂ ಏಳದ ಎರಡು ಅಡಿ ಜಾಗವಿತ್ತು. ಮೇಷ್ಟರು ಒಂದು ಸಂಜೆ ಅಂಗಳಕ್ಕೆ ಹೋಗಿ, ಅಲ್ಲಿನ ಹುಲ್ಲಿನಿಂದ ಒಂದು ಬುಡ ಒಡೆದು ಕೊಡುವಂತೆ ಸೊಸೆಯನ್ನು ಕೇಳಿದರು. ಏಕೆಂದು ಆಕೆ ಕೇಳಲಿಲ್ಲ.

ಆ ವರ್ಷದ ಗೆಡ್ಡೆ 7 ಕಿಲೋ ತೂಗಿತು. ನಾಲ್ಕು ದಿನ ಹುಳಿ, ಒಂದು ದಿನ ಹುರಿದದ್ದು, ಪಕ್ಕದ ಎರಡು ಮನೆಗಳಿಗೆ ಒಂದೊಂದು ಬಟ್ಟಲು. ಸಂಕ್ರಾಂತಿಯ ಮರುದಿನ ಮೆಟ್ಟಿಲ ಕೆಳಗೆ ಬುಟ್ಟಿಯನ್ನಿಡುವಾಗ ಮರಳನ್ನು ಜರಡಿ ಹಿಡಿದವರು ಮೇಷ್ಟರು; ಗೆಡ್ಡೆಗಳನ್ನು ಎಣಿಸಿದವನು ಮೊಮ್ಮಗ. ಎಣಿಕೆ 64ಕ್ಕೆ ಬಂದಾಗ ಅವನಿಗೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿ, ಬುಟ್ಟಿಯ ಹೊರಗೆ ಸುಣ್ಣದಿಂದ 66 ಎಂದು ಬರೆದ.